ರಾಮನ್ ಕುಳಿ ಮತ್ತು ಅದರ ನೆರೆಹೊರೆ

ಭೂಮಿಗೆ ಕಾಣುವ ಚಂದ್ರಮುಖದ ಪಶ್ಚಿಮಾರ್ಧದಲ್ಲಿ, ನಕ್ಷೆಗಳು ಬಿರುಗಾಳಿಗಳ ಸಾಗರವೆಂದು ಕರೆಯುವ ಕಪ್ಪು ಲಾವಾ ಬಯಲಿನ ನಡುವೆ, ಸುಮಾರು 27 ಡಿಗ್ರಿ ಉತ್ತರ ಅಕ್ಷಾಂಶವೂ 55 ಡಿಗ್ರಿ ಪಶ್ಚಿಮ ರೇಖಾಂಶವೂ ಕೂಡುವಲ್ಲಿ ಒಂದು ಸಾಧಾರಣ ಕುಳಿ ಇದೆ. 1976ರವರೆಗೆ ಅದಕ್ಕೆ ಸ್ವಂತ ಹೆಸರಿರಲಿಲ್ಲ. ಹತ್ತಿರದ ದೊಡ್ಡ ಕುಳಿಯ ಹೆಸರಿಗೆ ಒಂದು ಅಕ್ಷರ ಸೇರಿಸಿ ಅದನ್ನು ಹೆರೊಡೊಟಸ್ ಡಿ ಎನ್ನುತ್ತಿದ್ದರು. ಆ ವರ್ಷ ಅಂತರರಾಷ್ಟ್ರೀಯ ಖಗೋಳ ಒಕ್ಕೂಟವು ಅದಕ್ಕೆ ಭೌತವಿಜ್ಞಾನಿ ಸಿ.ವಿ. ರಾಮನ್ ಅವರ ಹೆಸರನ್ನಿಟ್ಟಿತು. ಕುಳಿಯ ಅಡ್ಡಗಲ ಸುಮಾರು ಹತ್ತು ಕಿಲೋಮೀಟರು, ಎಂದರೆ ಜಯನಗರದ ನಾಲ್ಕನೆಯ ಬ್ಲಾಕಿನಿಂದ ಮೇಖ್ರಿ ವೃತ್ತದ ಬಳಿಯ ರಾಮನ್ ಸಂಶೋಧನಾ ಸಂಸ್ಥೆಗೆ ನೇರ ಗೆರೆ ಎಳೆದರೆ ಬರುವಷ್ಟು ದೂರ. ಚಂದ್ರನ ಲೆಕ್ಕದಲ್ಲಿ ಇದು ಸಣ್ಣದು. ಇಂತಹ ಕುಳಿಗಳು ಅಲ್ಲಿ ಸಾವಿರಗಟ್ಟಲೆ ಇವೆ. ಆದರೆ ಅದು ಇರುವ ನೆರೆಹೊರೆ ಸಾಧಾರಣವಾದುದಲ್ಲ. ಕುಳಿಯನ್ನು ಅದರ ಸುತ್ತಲಿನ ನೆಲದಿಂದ ಬೇರ್ಪಡಿಸಿ ನೋಡಿದರೆ ಹೆಸರಿಗಿಂತ ಹೆಚ್ಚಿನದೇನೂ ದಕ್ಕುವುದಿಲ್ಲವೆಂಬುದಕ್ಕೆ ರಾಮನ್ ಕುಳಿಗಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ.

ಚಂದ್ರನ ಮೇಲೆ ಹೆಸರುಗಳು ಹೇಗೆ ನೆಲೆಗೊಂಡವೆಂಬುದನ್ನು ಮೊದಲು ಸ್ಥೂಲವಾಗಿ ಹೇಳಬೇಕು. ಇಟಲಿಯ ಜೆಸ್ಯೂಟ್ ಪಾದ್ರಿ ರಿಚೊಲಿ 1651ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಕುಳಿಗಳಿಗೆ ತತ್ತ್ವಜ್ಞಾನಿಗಳ ಮತ್ತು ಖಗೋಳಜ್ಞರ ಹೆಸರಿಡುವ ಪದ್ಧತಿ ನಿಂತಿತು. ಹತ್ತೊಂಬತ್ತನೆಯ ಶತಮಾನದಲ್ಲಿ ಜರ್ಮನಿಯ ಮೆಡ್ಲರ್, ದೊಡ್ಡ ಕುಳಿಯ ಹೆಸರಿಗೆ ರೋಮನ್ ಅಕ್ಷರ ಜೋಡಿಸಿ ಪಕ್ಕದ ಸಣ್ಣ ಕುಳಿಗಳನ್ನು ಗುರುತಿಸುವ ಕ್ರಮವನ್ನು ಬೆಳೆಸಿದ. ಅಪೊಲೊ ಯಾನಗಳ ಛಾಯಾಚಿತ್ರಗಳಿಂದ ವಿವರವಾದ ನಕ್ಷೆಗಳು ಸಿದ್ಧವಾದ 1970ರ ದಶಕದಲ್ಲಿ, ಇಂತಹ ಎಷ್ಟೋ ಅಕ್ಷರದ ಕುಳಿಗಳಿಗೆ ಸ್ವತಂತ್ರ ಹೆಸರುಗಳು ಬಂದವು. ರಾಮನ್ ಅವರದು ಆ ಅಲೆಯಲ್ಲಿ ಬಂದ ಹೆಸರು. ಅವರ ಹೆಸರಿಗೆ ಈ ಜಾಗವೇ ಏಕೆಂದು ಕೇಳಿದರೆ ನಕ್ಷೆಗಾರರ ಅನುಕೂಲವೆಂಬುದನ್ನು ಬಿಟ್ಟು ಬೇರೆ ಉತ್ತರ ಹುಡುಕಬೇಕಾಗಿಲ್ಲ. ಆದರೂ ಆಯ್ಕೆ ಆಕಸ್ಮಿಕವಾಗಿಯೇ ಎಷ್ಟು ಒಪ್ಪವಾಗಿ ಕೂತಿದೆ ಎಂಬುದು ಮುಂದೆ ಸ್ಪಷ್ಟವಾಗುತ್ತದೆ.

ಬೆಂಗಳೂರಿಗೆ ಈ ಹೆಸರಿನೊಂದಿಗಿರುವ ನಂಟು ಕೇವಲ ವಾಸದ ನಂಟಲ್ಲ. 1928ರ ಫೆಬ್ರವರಿ 28ರಂದು ಕಲ್ಕತ್ತೆಯಲ್ಲಿ ಕಂಡುಕೊಂಡ, ಮುಂದೆ ರಾಮನ್ ಪರಿಣಾಮವೆಂದು ಹೆಸರಾದ ಹೊಸ ವಿದ್ಯಮಾನವನ್ನು ರಾಮನ್ ಅವರು ವಿಸ್ತಾರವಾಗಿ ವಿವರಿಸಿದ್ದು ಅದೇ ವರ್ಷ ಮಾರ್ಚ್ 16ರಂದು, ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ದಕ್ಷಿಣ ಭಾರತ ವಿಜ್ಞಾನ ಸಂಘದ ಸಭೆಯಲ್ಲಿ ಮಾಡಿದ ಉಪನ್ಯಾಸದಲ್ಲಿ. 1933ರಲ್ಲಿ ಅವರು ಭಾರತೀಯ ವಿಜ್ಞಾನ ಸಂಸ್ಥೆಯ ನಿರ್ದೇಶಕರಾಗಿ ಇಲ್ಲಿಗೆ ಬಂದರು, 1970ರಲ್ಲಿ ತೀರಿಕೊಳ್ಳುವವರೆಗೂ ಇಲ್ಲಿಯೇ ಉಳಿದರು. ಎರಡನೆಯ ಮಹಾಯುದ್ಧದ ವರ್ಷಗಳಲ್ಲಿ ಅದೇ ಸಂಸ್ಥೆಯಲ್ಲಿ ಹೋಮಿ ಭಾಭಾ ವಿಶ್ವಕಿರಣಗಳ ಸಂಶೋಧನಾ ಘಟಕವನ್ನು ಕಟ್ಟುತ್ತಿದ್ದರು. ಕೇಂಬ್ರಿಜ್‌ನಿಂದ ಮರಳಿದ್ದ ತರುಣ ವಿಕ್ರಮ್ ಸಾರಾಭಾಯಿ ರಾಮನ್ ಅವರ ಮಾರ್ಗದರ್ಶನದಲ್ಲಿ ಅದೇ ವಿಷಯದ ಮೇಲೆ ಕೆಲಸ ಮಾಡುತ್ತಿದ್ದರು. ಇಂದು ಆ ಮೂವರ ಹೆಸರೂ ಚಂದ್ರನ ಮೇಲಿವೆ. ಭಾಭಾ ಕುಳಿ ನಮಗೆಂದೂ ಕಾಣದ ಆಚೆಯ ಮುಖದಲ್ಲಿದೆ. ಸಾರಾಭಾಯಿ ಕುಳಿ ಪ್ರಶಾಂತಿಯ ಸಾಗರವೆಂಬ ಬಯಲಿನಲ್ಲಿದ್ದು, ಚಂದ್ರಯಾನ-2ರ ಕ್ಯಾಮೆರಾ 2020ರಲ್ಲಿ ಅದನ್ನು ಸೆರೆಹಿಡಿದಾಗ ಅದರ ಆಳ ಅಂಚಿನಿಂದ ಸುಮಾರು 1.7 ಕಿಲೋಮೀಟರೆಂದೂ ಒಳಗೋಡೆಗಳ ಇಳಿಜಾರು 25ರಿಂದ 35 ಡಿಗ್ರಿಯೆಂದೂ ತಿಳಿದುಬಂತು. ಒಂದೇ ಆವರಣದಲ್ಲಿ ಒಂದೇ ಕಾಲಕ್ಕೆ ಓಡಾಡಿದ ಮೂವರು ಚಂದ್ರನ ಮೂರು ದಿಕ್ಕಿಗೆ ಹಂಚಿಹೋಗಿದ್ದಾರೆ.

ಇನ್ನು ಕುಳಿಯೆಂದರೇನು ಎಂಬ ಪ್ರಶ್ನೆ. ಬಾಹ್ಯಾಕಾಶದಿಂದ ಬರುವ ಬಂಡೆಯೊಂದು ಸೆಕೆಂಡಿಗೆ ಹತ್ತಾರು ಕಿಲೋಮೀಟರ್ ವೇಗದಲ್ಲಿ ನೆಲಕ್ಕೆ ಅಪ್ಪಳಿಸಿದಾಗ ಅದು ನೆಲವನ್ನು ಗುದ್ದಲಿಯಂತೆ ತೋಡುವುದಿಲ್ಲ. ಅದರ ಚಲನಶಕ್ತಿಯೆಲ್ಲ ಕ್ಷಣಾರ್ಧದಲ್ಲಿ ಆಘಾತ ತರಂಗವಾಗಿ ಮಾರ್ಪಟ್ಟು, ಬಂಡೆಯ ಬಹುಭಾಗವನ್ನು ಆವಿಯಾಗಿಸಿ, ನೆಲವನ್ನು ಎಲ್ಲ ದಿಕ್ಕಿಗೂ ಸಮನಾಗಿ ಒತ್ತಿ ಸಿಡಿಸುತ್ತದೆ. ಬಂಡೆ ಓರೆಯಾಗಿ ಬಂದರೂ ಕುಳಿ ಬಹುಮಟ್ಟಿಗೆ ದುಂಡಗೇ ಇರುವುದು ಇದರಿಂದಲೇ. ಸಿಡಿದ ಮಣ್ಣುಕಲ್ಲು ಸುತ್ತ ಹರಡಿ ಕುಳಿಯ ಅಂಚನ್ನು ಎತ್ತರಿಸುತ್ತದೆ, ಅದರಾಚೆಗೆ ಹೊದಿಕೆಯಾಗಿ ಕೂರುತ್ತದೆ, ಇನ್ನೂ ದೂರಕ್ಕೆ ಹಾರಿದ ತುಂಡುಗಳು ತಾವೇ ಬಿದ್ದು ಸಣ್ಣ ಕುಳಿಗಳ ಸಾಲುಗಳನ್ನು ಮಾಡುತ್ತವೆ. ಇವುಗಳಿಗೆ ದ್ವಿತೀಯಕ ಕುಳಿಗಳೆಂದು ಹೆಸರು. ಆದ್ದರಿಂದ ಕುಳಿಯ ಒಳಭಾಗ ಅರ್ಧ ಕಥೆ ಮಾತ್ರ, ಆಳದಲ್ಲಿದ್ದ ವಸ್ತು ಹೊರಗೆ ಬಂದು ಬಿದ್ದಿರುವ ಸುತ್ತಲಿನ ನೆಲವೇ ಉಳಿದರ್ಧ. 2023ರ ಆಗಸ್ಟ್ 23ರಂದು ಚಂದ್ರಯಾನ-3 ಇಳಿದ ಜಾಗದಲ್ಲಿ ಪ್ರಗ್ಯಾನ್ ಬಂಡಿ ನಡೆಸಿದ ಮಣ್ಣಿನ ಪರೀಕ್ಷೆಯೂ ಇದನ್ನೇ ತೋರಿಸಿತು. ಅನಾರ್ಥೊಸೈಟ್ ಎಂಬ, ಚಂದ್ರನ ಮೂಲ ತೊಗಟೆಯ ಬಿಳಿಶಿಲೆಗೆ ಹೊಂದುವ ಆ ಮಣ್ಣಿನಲ್ಲಿ ಮೆಗ್ನೀಸಿಯಮ್ ತುಸು ಹೆಚ್ಚಾಗಿ ಕಂಡಿತು. ದಕ್ಷಿಣ ಧ್ರುವ-ಏಟ್ಕೆನ್ ಎಂಬ ಬೃಹತ್ ಕುಳಿ ಉಂಟಾದಾಗ ಆಳದಿಂದ ಎದ್ದು ಬಂದ ವಸ್ತು ಅಲ್ಲಿ ಬೆರೆತಿದೆಯೆಂದು 2024ರಲ್ಲಿ ಪ್ರಕಟವಾದ ಅಧ್ಯಯನ ವಿವರಿಸಿತು. ನೂರಾರು ಕಿಲೋಮೀಟರ್ ಆಚೆಯ ಕುಳಿಯೊಂದರ ಒಳಗುಟ್ಟು ಅದರ ಹೊರಗಡೆ ಬಿದ್ದ ಮಣ್ಣಿನಲ್ಲಿ ಸಿಕ್ಕಿತು.

ಭೂಮಿಯ ಮೇಲೂ ಇಂತಹ ಹೊಡೆತಗಳು ಬಿದ್ದಿವೆ, ಆದರೆ ಇಲ್ಲಿ ಅವು ಉಳಿಯುವುದಿಲ್ಲ. ದಕ್ಷಿಣ ಬೆಂಗಳೂರು ನಿಂತಿರುವ ಬಂಡೆಯನ್ನೇ ನೋಡಬಹುದು. ಲಾಲ್‌ಬಾಗಿನ ಗುಡ್ಡದಲ್ಲಿ ಕೆಂಪೇಗೌಡರ ಗೋಪುರದ ಕೆಳಗೆ ತೆರೆದುಕೊಂಡಿರುವ ಪರ್ಯಾಯದ್ವೀಪೀಯ ನೈಸ್ ಶಿಲೆಗೆ ಸುಮಾರು 300 ಕೋಟಿ ವರ್ಷ ವಯಸ್ಸು; ಅದೇ ಬಗೆಯ ಶಿಲೆ ಜಯನಗರ, ಬನಶಂಕರಿ, ಜೆ.ಪಿ. ನಗರಗಳ ಅಡಿಯಲ್ಲೂ ಹಾಸಿಕೊಂಡಿದೆ. ಅಷ್ಟು ದೀರ್ಘ ಕಾಲದಲ್ಲಿ ಈ ನೆಲದ ಮೇಲೆ ಏನೇ ಬಿದ್ದಿದ್ದರೂ ಮಳೆ, ಗಾಳಿ, ಹೊಳೆಗಳು ಅದರ ಗುರುತನ್ನು ಎಂದೋ ಅಳಿಸಿಹಾಕಿರುತ್ತವೆ. ಇಡೀ ಭೂಮಿಯ ಮೇಲೆ ದೃಢಪಟ್ಟ ಕುಳಿಗಳು ಸುಮಾರು ಇನ್ನೂರು ಮಾತ್ರ. ಅವುಗಳಲ್ಲಿ ಮಹಾರಾಷ್ಟ್ರದ ಬುಲ್ಢಾಣಾ ಜಿಲ್ಲೆಯ ಲೋಣಾರ್ ನಮಗೆ ಹತ್ತಿರದ್ದು. ಬಸಾಲ್ಟ್ ಶಿಲೆಯಲ್ಲೇ ಉಂಟಾಗಿರುವುದರಿಂದ ಚಂದ್ರನ ಲಾವಾ ಬಯಲಿನ ಕುಳಿಗಳಿಗೆ ಹೋಲಿಸಿ ಓದಲು ಯೋಗ್ಯವಾದುದು. ಹರಿಯುವ ನೀರೂ ಗಾಳಿಯೂ ಇಲ್ಲದ ಚಂದ್ರನ ಮೇಲಾದರೋ 300 ಕೋಟಿ ವರ್ಷ ಹಳೆಯ ಏಟಿನ ಗಾಯವೂ ಹಾಗೆಯೇ ಉಳಿದಿರುತ್ತದೆ.

ರಾಮನ್ ಕುಳಿಯ ನೆಲೆಯಾದ ಅರಿಸ್ಟಾರ್ಕಸ್ ಪ್ರಸ್ಥಭೂಮಿಯು ಲಾವಾ ಬಯಲಿನ ಮಟ್ಟದಿಂದ ಎರಡು ಕಿಲೋಮೀಟರಿನಷ್ಟು ಎತ್ತರಕ್ಕೆ ಏಳುವ, ಒಂದೊಂದು ಬದಿಗೆ ಇನ್ನೂರು ಕಿಲೋಮೀಟರಿನ ಆಸುಪಾಸು ಚಾಚಿರುವ ಓರೆಕೋರೆ ಚೌಕಾಕಾರದ ಗಡ್ಡೆ. ಸುಮಾರು 385 ಕೋಟಿ ವರ್ಷಗಳ ಹಿಂದೆ ಇಂಬ್ರಿಯಂ ಎಂಬ ಭಾರೀ ಕುಳಿಯನ್ನು ತೋಡಿದ ಆಘಾತದಿಂದ ಈ ಭಾಗದ ತೊಗಟೆ ಒಡೆದು ಮೇಲೆದ್ದಿತೆಂದೂ, ಮುಂದೆ ಸುತ್ತ ಲಾವಾ ಹರಿದು ತುಂಬಿದಾಗ ಇದು ನಡುಗಡ್ಡೆಯಾಗಿ ಉಳಿಯಿತೆಂದೂ ವಿಜ್ಞಾನಿಗಳು ಊಹಿಸುತ್ತಾರೆ. ಪ್ರಸ್ಥಭೂಮಿಯ ವಾಯವ್ಯ ದಿಕ್ಕಿನಲ್ಲಿ, ಹದಿನಾರನೆಯ ಶತಮಾನದ ಗಣಿವಿದ್ಯೆಯ ಪಂಡಿತ ಅಗ್ರಿಕೋಲನ ಹೆಸರಿನ ಉದ್ದನೆಯ ಪರ್ವತಸಾಲು ಅದಕ್ಕೆ ಸಮಾನಾಂತರವಾಗಿ ಎದ್ದು ನಿಂತಿದೆ. ರಾಮನ್ ಕುಳಿ ಇರುವುದು ಆ ಸಾಲಿನ ದಕ್ಷಿಣಕ್ಕೆ, ಪ್ರಸ್ಥಭೂಮಿಯ ಪಶ್ಚಿಮ ಭಾಗದಲ್ಲಿ.

ಈ ಪ್ರದೇಶದ ಮೂರು ಕುಳಿಗಳನ್ನು ಅಕ್ಕಪಕ್ಕ ಇಟ್ಟು ನೋಡಿದರೆ ಕುಳಿಗಳ ಸ್ವಭಾವದ ಬಹುಪಾಲು ಪಾಠ ಅಲ್ಲೇ ಸಿಗುತ್ತದೆ. ಚಂದ್ರನ ಮೇಲೆ ಸುಮಾರು ಹದಿನೈದರಿಂದ ಇಪ್ಪತ್ತು ಕಿಲೋಮೀಟರಿಗಿಂತ ಚಿಕ್ಕ ಕುಳಿಗಳು ಬೋಗುಣಿಯಾಕಾರದಲ್ಲಿರುತ್ತವೆ. ಇವನ್ನು ಸರಳ ಕುಳಿಗಳೆನ್ನುತ್ತಾರೆ, ರಾಮನ್ ಈ ಗಾತ್ರದ ಗುಂಪಿಗೆ ಸೇರಿದ್ದು. ಅದಕ್ಕಿಂತ ದೊಡ್ಡದಾದರೆ ಗೋಡೆಗಳು ತಮ್ಮ ಭಾರಕ್ಕೆ ಕುಸಿದು ಮೆಟ್ಟಿಲುಗಳಾಗುತ್ತವೆ, ಆಘಾತಕ್ಕೆ ಕುಗ್ಗಿದ್ದ ತಳ ಮರಳಿ ಮೇಲೆದ್ದು ನಡುವೆ ಶಿಖರವಾಗುತ್ತದೆ. ಇವು ಸಂಕೀರ್ಣ ಕುಳಿಗಳು. ಪ್ರಸ್ಥಭೂಮಿಯ ಆಗ್ನೇಯ ಮೂಲೆಯಲ್ಲಿರುವ ಅರಿಸ್ಟಾರ್ಕಸ್ ಕುಳಿ 40 ಕಿಲೋಮೀಟರ್ ಅಗಲವಿದ್ದು ಮೆಟ್ಟಿಲುಗೋಡೆ, ಕೇಂದ್ರ ಶಿಖರಗಳೆರಡನ್ನೂ ಸ್ಪಷ್ಟವಾಗಿ ತೋರಿಸುತ್ತದೆ. ಅದರ ಪಕ್ಕದ ಹೆರೊಡೊಟಸ್ ಹೆಚ್ಚುಕಡಿಮೆ ಅಷ್ಟೇ ಅಗಲವಾದರೂ ಅದರ ತಳವನ್ನು ಲಾವಾ ತುಂಬಿ ಸಪಾಟಾಗಿಸಿದೆ, ಶಿಖರವೇ ಕಾಣದು. ಹೆರೊಡೊಟಸ್ ಲಾವಾ ಹರಿಯುವ ಕಾಲಕ್ಕಿಂತ ಮೊದಲಿನದು, ಅರಿಸ್ಟಾರ್ಕಸ್ ಅದೆಲ್ಲ ಮುಗಿದು ಬಹುಕಾಲವಾದ ಮೇಲಿನದು. ಅರಿಸ್ಟಾರ್ಕಸ್ ಚಂದ್ರನ ದೊಡ್ಡ ಕುಳಿಗಳಲ್ಲೆಲ್ಲ ಅತ್ಯಂತ ಬೆಳ್ಳಗೆ ಹೊಳೆಯುವುದಕ್ಕೂ ಅದರ ಎಳೆಯ ವಯಸ್ಸೇ ಮುಖ್ಯ ಕಾರಣ: ಹೊಸದಾಗಿ ಸಿಡಿದ ಪುಡಿ ಬೆಳಕನ್ನು ಚೆನ್ನಾಗಿ ಹಿಂದೆರಚುತ್ತದೆ, ಸೌರಮಾರುತದ ಕಣಗಳೂ ಸೂಕ್ಷ್ಮ ಉಲ್ಕೆಗಳೂ ಕೋಟ್ಯಂತರ ವರ್ಷ ಬಡಿದಂತೆ ಅದೇ ಪುಡಿ ಮಂಕಾಗುತ್ತದೆ.

ಹೆರೊಡೊಟಸ್‌ನ ಉತ್ತರದಲ್ಲಿ ಚಂದ್ರನ ಮೇಲಿನ ಅತಿ ದೊಡ್ಡ ಲಾವಾ ಕಾಲುವೆ ಮೊದಲಾಗುತ್ತದೆ. ಷ್ರೋಟರ್ ಕಣಿವೆಯೆಂದು ಹೆಸರಾದ ಅದರ ಆರಂಭದ ಅಗಲವಾದ ಕುಣಿಯೂ ಅಲ್ಲಿಂದ ಹೊರಟು ಅಂಕುಡೊಂಕಾಗಿ ಸಾಗುವ ಕಾಲುವೆಯೂ ಒಟ್ಟಾಗಿ ಹೆಡೆಯೆತ್ತಿದ ಹಾವಿನಂತೆ ಕಾಣುವುದರಿಂದ ಆ ಕುಣಿಗೆ ದೂರದರ್ಶಕದ ಹವ್ಯಾಸಿಗಳು ನಾಗರಹೆಡೆಯೆಂದೇ ಹೆಸರಿಟ್ಟಿದ್ದಾರೆ. ಸುಮಾರು 160 ಕಿಲೋಮೀಟರ್ ಉದ್ದ, ಅಗಲವಾದಲ್ಲಿ ಹತ್ತು ಕಿಲೋಮೀಟರ್, ಕೊನೆಯಲ್ಲಿ ಒಂದಕ್ಕೂ ಕಡಿಮೆ. ಕಣಿವೆಯ ತಳದಲ್ಲಿ ಇನ್ನೂ ಕಿರಿದಾದ ಮತ್ತೊಂದು ಕಾಲುವೆ ಹರಿದ ಗುರುತಿದೆ. ಎಂದರೆ ಲಾವಾ ಒಂದೇ ಬಾರಿಯಲ್ಲ, ಪ್ರವಾಹ ಇಳಿದ ಮೇಲೂ ಹರಿದಿತ್ತು. ಈ ಲಾವಾ ಉಗುಳಿದ ಜ್ವಾಲಾಮುಖಿಗಳು ಕಾರಂಜಿಯಂತೆ ಚಿಮ್ಮಿಸಿದ ಗಾಜಿನ ಸೂಕ್ಷ್ಮ ಮಣಿಗಳು ಪ್ರಸ್ಥಭೂಮಿಯ ಮೇಲೆಲ್ಲ ಕಪ್ಪು ಹೊದಿಕೆಯಾಗಿ ಬಿದ್ದಿವೆ. ಚಂದ್ರನಲ್ಲಿ ಇಷ್ಟು ಬಗೆಯ ಘಟನೆಗಳು ಇಷ್ಟು ಚಿಕ್ಕ ಜಾಗದಲ್ಲಿ ಒಟ್ಟಿಗೆ ಸಿಗುವ ಇನ್ನೊಂದು ನೆಲೆ ಅಪರೂಪ. ಕೊನೆಗೆ ರದ್ದಾದ ಅಪೊಲೊ ಯಾನಗಳಲ್ಲಿ ಒಂದನ್ನು ಈ ಕಣಿವೆಯ ಬಳಿ ಇಳಿಸುವ ಆಲೋಚನೆಯಿತ್ತು. 1970ರಲ್ಲಿ ಯಾನಗಳೇ ರದ್ದಾಗಿ ಅದು ಕೈಗೂಡಲಿಲ್ಲ. ಈವರೆಗೆ ಪ್ರಸ್ಥಭೂಮಿಯ ಮೇಲೆ ಮಾನವನಾಗಲಿ ಯಂತ್ರವಾಗಲಿ ಇಳಿದಿಲ್ಲ. ಹಾಗಾಗಿ ಅದರ ಬಗ್ಗೆ ತಿಳಿದಿರುವುದೆಲ್ಲ ದೂರದಿಂದ, ಬಹುತೇಕ ಬೆಳಕಿನ ಮೂಲಕವೇ ತಿಳಿದದ್ದು.

ರಾಮನ್ ಅವರ ಹೆಸರು ಆ ನೆಲಕ್ಕೆ ಒಪ್ಪುವುದು ಇಲ್ಲಿ. 1910ರ ಸುಮಾರಿಗೆ ಅಮೆರಿಕದ ಭೌತವಿಜ್ಞಾನಿ ರಾಬರ್ಟ್ ವುಡ್, ಕಣ್ಣಿಗೆ ಕಾಣದ ನೇರಳಾತೀತ ಬೆಳಕಿನಲ್ಲಿ ಚಂದ್ರನ ಛಾಯಾಚಿತ್ರ ತೆಗೆದಾಗ, ಅರಿಸ್ಟಾರ್ಕಸ್ ಪಕ್ಕದಲ್ಲಿ ಮಾಮೂಲಿ ಬೆಳಕಿನಲ್ಲಿ ಅಷ್ಟಾಗಿ ಗೋಚರಿಸದ ಒಂದು ಕಡುಗಪ್ಪು ಕಲೆ ಎದ್ದು ಕಂಡಿತು. ಬೇರೆ ಬೇರೆ ವಸ್ತುಗಳು ಬೇರೆ ಬೇರೆ ಬಣ್ಣದ ಬೆಳಕನ್ನು ಬೇರೆ ಬೇರೆ ಪ್ರಮಾಣದಲ್ಲಿ ಹೀರುವುದರಿಂದ, ಬಣ್ಣ ಬಣ್ಣದ ಬೆಳಕಿನಲ್ಲಿ ಚಿತ್ರ ತೆಗೆದರೆ ನೆಲದ ಖನಿಜಗಳ ಭೇದ ತಿಳಿಯಬಹುದೆಂಬುದು ವುಡ್ ಅವರ ತರ್ಕ. ಆ ಕಲೆ ಗಂಧಕದ ನಿಕ್ಷೇಪವಿರಬಹುದೆಂಬ ಅವರ ಊಹೆ ಮುಂದೆ ನಿಲ್ಲಲಿಲ್ಲ, ತರ್ಕ ಮಾತ್ರ ನಿಂತಿತು. ವುಡ್ ಕಲೆಯೆಂದು ಹೆಸರಾದ ಅದು ಇದೇ ಅರಿಸ್ಟಾರ್ಕಸ್ ಪ್ರಸ್ಥಭೂಮಿ, ಕಪ್ಪಿಗೆ ಕಾರಣ ಜ್ವಾಲಾಮುಖಿಯ ಗಾಜುಮಣಿಗಳು. ರಾಮನ್ ಪರಿಣಾಮದ ಸುದ್ದಿ 1928ರಲ್ಲಿ ಹೊರಬಿದ್ದಾಗ ಅದನ್ನು ತಮ್ಮ ಪ್ರಯೋಗಶಾಲೆಯಲ್ಲಿ ಕೂಡಲೇ ಪರೀಕ್ಷಿಸಿ, ಸರಿಯೆಂದು ಜಗತ್ತಿಗೆ ಸಾರಿದವರಲ್ಲಿ ಮುಂಚೂಣಿಯಲ್ಲಿದ್ದವರೂ ಇದೇ ವುಡ್. ರಾಮನ್ ಹೆಸರಿನ ಕುಳಿ, ಅವರ ಶೋಧವನ್ನು ಎತ್ತಿಹಿಡಿದ ವುಡ್ ಹೆಸರಿನ ಕಲೆಯೊಳಗೇ ಇದೆ. ಪ್ರಸ್ಥಭೂಮಿಯ ಉತ್ತರಕ್ಕೆ, ರಾಮನ್‌ನಷ್ಟೇ ಗಾತ್ರದ ಇನ್ನೊಂದು ಕುಳಿಗೆ ವೊಲಸ್ಟನ್ ಎಂಬ ಹೆಸರಿದೆ. ಸೂರ್ಯನ ಬೆಳಕಿನ ರೋಹಿತದಲ್ಲಿ, ಎಂದರೆ ಪಟ್ಟಕದ ಮೂಲಕ ಹಾಯ್ದು ಬಣ್ಣಗಳಾಗಿ ಹರಡಿದ ಬೆಳಕಿನಲ್ಲಿ, ಕಪ್ಪು ಗೆರೆಗಳನ್ನು 1802ರಲ್ಲಿ ಮೊದಲು ಗುರುತಿಸಿದವರು ಅವರು. ಬೆಳಕನ್ನು ಬಿಡಿಸಿ ಓದಿದವರ ಹೆಸರುಗಳು ಹೀಗೆ ಒಂದೆಡೆ ಸೇರಿದ್ದಕ್ಕೆ ಯಾರ ಯೋಜನೆಯೂ ಕಾರಣವಲ್ಲ. ಆದರೂ ಕುತೂಹಲಕ್ಕೆ ಒಳ್ಳೆಯ ಆಹಾರ.

ಕಣ್ಣಿನ ಸಾಕ್ಷ್ಯವನ್ನೇ ನಂಬಿದವರು ಇದೇ ಪ್ರದೇಶದಲ್ಲಿ ಎಡವಿದ್ದೂ ಉಂಟು. 1787ರಲ್ಲಿ ವಿಲಿಯಂ ಹರ್ಷೆಲ್ ಚಂದ್ರನ ಕತ್ತಲ ಭಾಗದಲ್ಲಿ ಉರಿಯುವ ಜ್ವಾಲಾಮುಖಿಗಳನ್ನು ಕಂಡೆನೆಂದು ವರದಿ ಮಾಡಿದರು. ಅವುಗಳಲ್ಲಿ ಹೆಚ್ಚು ಪ್ರಖರವಾದದ್ದು, ಭೂಮಿಯಿಂದ ಪ್ರತಿಫಲಿಸಿದ ಬೆಳಕಿನಲ್ಲಿ ಹೊಳೆದ ಅರಿಸ್ಟಾರ್ಕಸ್ ಕುಳಿಯೆಂದು ಈಗ ಸಾಮಾನ್ಯವಾಗಿ ಒಪ್ಪಲಾಗಿದೆ. 1963ರ ಅಕ್ಟೋಬರಿನಲ್ಲಿ ಅಮೆರಿಕದ ಲೊವೆಲ್ ವೀಕ್ಷಣಾಲಯದಲ್ಲಿ ನಕ್ಷೆ ರಚಿಸುತ್ತಿದ್ದ ಗ್ರೀನೇಕರ್ ಮತ್ತು ಬಾರ್ ಇಲ್ಲಿಯೇ ಕೆಂಪು ಹೊಳಪುಗಳನ್ನು ಕಂಡರು. ಇಂತಹ ವರದಿಗಳನ್ನು ಪೂರ್ಣವಾಗಿ ತಳ್ಳಿಹಾಕದಂತೆ ಮಾಡಿದ್ದು ಮತ್ತೊಂದು ಬಗೆಯ ಅಳತೆ. 1971ರಲ್ಲಿ ಚಂದ್ರನನ್ನು ಸುತ್ತುತ್ತಿದ್ದ ಅಪೊಲೊ 15ರ ಉಪಕರಣವು ಅರಿಸ್ಟಾರ್ಕಸ್ ಮೇಲೆ ರೇಡಾನ್ ಅನಿಲದ ವಿಕಿರಣವನ್ನು ಗುರುತಿಸಿತು. ರೇಡಾನ್ ನಾಲ್ಕು ದಿನದೊಳಗೆ ಅರ್ಧಕ್ಕರ್ಧ ಕ್ಷಯಿಸುವ ಅನಿಲವಾದ್ದರಿಂದ ಅದು ಅಲ್ಲಿ ಕಂಡಿತೆಂದರೆ ಆಗಷ್ಟೇ ನೆಲದಿಂದ ಹೊರಬಂದಿರಬೇಕು. ಅನಿಲ ಸೋರುತ್ತದೆಂಬುದು ಇದರಿಂದ ಸಿದ್ಧವಾಗುತ್ತದೆಯೇ ಹೊರತು ಕೆಂಪು ಹೊಳಪಿಗೆ ಅದೇ ಕಾರಣವೆಂಬುದು ಸಿದ್ಧವಾಗುವುದಿಲ್ಲ. ಈ ಎರಡನ್ನು ಬೆರೆಸಿ ಬರೆಯುವ ಜನಪ್ರಿಯ ಲೇಖನಗಳ ವಿಷಯದಲ್ಲಿ ಓದುಗರು ಎಚ್ಚರದಿಂದಿರುವುದು ಒಳ್ಳೆಯದು.

ವುಡ್ ಹಿಡಿದ ದಾರಿಯನ್ನು ಬಹು ಮುಂದಕ್ಕೆ ಒಯ್ದದ್ದು ಬೆಂಗಳೂರಿನಲ್ಲಿ ಸಿದ್ಧಗೊಂಡ ನೌಕೆ. 2008ರ ಅಕ್ಟೋಬರ್ 22ರಂದು ಹಾರಿದ ಚಂದ್ರಯಾನ-1 ಹೊತ್ತೊಯ್ದ ಉಪಕರಣಗಳಲ್ಲಿ, ಚಂದ್ರನಿಂದ ಪ್ರತಿಫಲಿಸಿದ ಬೆಳಕನ್ನು ನೂರಾರು ಬಣ್ಣಪಟ್ಟಿಗಳಾಗಿ ಬಿಡಿಸಿ ದಾಖಲಿಸುವ ನಾಸಾದ ಖನಿಜನಕ್ಷಾ ಉಪಕರಣವೂ ಒಂದು. ಆ ನೌಕೆಯ ಮಾತುಗಳನ್ನು ಆಲಿಸಿದ ದೊಡ್ಡ ಆಂಟೆನಾಗಳು ನಗರದ ಪಶ್ಚಿಮಕ್ಕಿರುವ ಬ್ಯಾಲಾಳಿನಲ್ಲಿವೆ. ಕಬ್ಬಿಣವಿರುವ ಖನಿಜಗಳು ಅವಕೆಂಪು ಬೆಳಕನ್ನು ತಮ್ಮದೇ ತರಂಗಾಂತರಗಳಲ್ಲಿ ಹೀರುತ್ತವೆ. ಪೈರಾಕ್ಸೀನ್ ಎಂಬ ಖನಿಜದ ಗುರುತು ಬೇರೆ, ಆಲಿವೀನ್‌ನ ಗುರುತು ಬೇರೆ. ಈ ಗುರುತುಗಳ ಆಧಾರದಿಂದ ಅರಿಸ್ಟಾರ್ಕಸ್ ಕುಳಿಯ ಸಿಡಿಮಣ್ಣಿನಲ್ಲಿ ಆಲಿವೀನ್ ಹೆಚ್ಚಾಗಿರುವ ಭಾಗಗಳು ಬೇರೆಯಾಗಿ ಕಂಡವು. ಅದೇ ಉಪಕರಣದ ದತ್ತಾಂಶವನ್ನು ಮತ್ತೆ ಪರಿಶೀಲಿಸಿ 2017ರಲ್ಲಿ ಪ್ರಕಟಿಸಿದ ಅಧ್ಯಯನವು ಚಂದ್ರನ ಜ್ವಾಲಾಮುಖಿ ಗಾಜುಮಣಿಗಳ ಹೊದಿಕೆಗಳಲ್ಲಿ ನೀರಿನ ಅಂಶ ಸುತ್ತಲಿಗಿಂತ ಹೆಚ್ಚಿದೆಯೆಂದು ತೋರಿಸಿತು. ಚಂದ್ರನ ಒಡಲು ಪೂರ್ತಿ ಒಣಗಿದ್ದೆಂಬ ಹಳೆಯ ನಂಬಿಕೆಗೆ ಇದೂ ಒಂದು ಪೆಟ್ಟು.

ಇಲ್ಲಿ ಒಂದು ವ್ಯತ್ಯಾಸವನ್ನು ಸ್ಪಷ್ಟಪಡಿಸದೆ ಮುಂದುವರಿಯುವುದು ಸರಿಯಲ್ಲ. ಮೇಲಿನ ಶೋಧಗಳೆಲ್ಲ ಬೆಳಕು ಹೀರಲ್ಪಡುವುದನ್ನು ಆಧರಿಸಿದವು, ರಾಮನ್ ಪರಿಣಾಮವನ್ನಲ್ಲ. ಒಂದೇ ಬಣ್ಣದ ಬೆಳಕು ವಸ್ತುವಿನ ಮೇಲೆ ಬಿದ್ದು ಚದುರಿದಾಗ ಅದರ ಅತ್ಯಲ್ಪ ಪಾಲು ಅಣುಗಳ ಕಂಪನಕ್ಕೆ ಶಕ್ತಿ ಕೊಟ್ಟು ಅಥವಾ ಅದರಿಂದ ಶಕ್ತಿ ಪಡೆದು ತನ್ನ ತರಂಗಾಂತರವನ್ನೇ ಬದಲಿಸಿಕೊಳ್ಳುವುದು ರಾಮನ್ ಪರಿಣಾಮ. ಆ ಬದಲಾವಣೆ ಪ್ರತಿ ವಸ್ತುವಿಗೂ ವಿಶಿಷ್ಟವಾದ್ದರಿಂದ ಲೇಸರ್ ಬಂದ ಮೇಲೆ ಅದು ಖನಿಜಗಳನ್ನು ಗುರುತಿಸುವ ಪ್ರಬಲ ಸಾಧನವಾಯಿತು. ಆದರೆ ಆ ಬೆಳಕು ತೀರ ಕ್ಷೀಣವಾದುದು. ನೂರು ಕಿಲೋಮೀಟರ್ ಎತ್ತರದ ಕಕ್ಷೆಯಿಂದ ಅದನ್ನು ಹಿಡಿಯಲಾಗದು, ಹತ್ತಿರ ಹೋಗಬೇಕು. 2021ರಲ್ಲಿ ಮಂಗಳದ ಮೇಲೆ ಇಳಿದ ಪರ್ಸಿವಿಯರೆನ್ಸ್ ಬಂಡಿಯಲ್ಲಿ ರಾಮನ್ ರೋಹಿತಮಾಪಕಗಳಿವೆ. ಚಂದ್ರನಿಂದ ತಂದ ಕಲ್ಲುಗಳನ್ನು ಭೂಮಿಯ ಪ್ರಯೋಗಶಾಲೆಗಳಲ್ಲಿ ಇದೇ ವಿಧಾನದಿಂದ ಪರೀಕ್ಷಿಸಲಾಗಿದೆ. ರಾಮನ್ ಕುಳಿಯ ಮಣ್ಣಿನ ಮೇಲೆ ರಾಮನ್ ಉಪಕರಣ ಮಾತ್ರ ಇನ್ನೂ ಬೆಳಕು ಬೀರಿಲ್ಲ. ಮುಂದಿನ ಇಳಿದಾಣಗಳ ಚರ್ಚೆಯೆಲ್ಲ ದಕ್ಷಿಣ ಧ್ರುವದ ಹಿಮದ ಸುತ್ತ ನಡೆಯುತ್ತಿರುವಾಗ, ಭೂವೈಜ್ಞಾನಿಕವಾಗಿ ಇಷ್ಟು ಸಮೃದ್ಧವಾದ ಈ ಪ್ರಸ್ಥಭೂಮಿಯನ್ನು ಭಾರತದ ವಿಜ್ಞಾನಿಗಳು ಪಟ್ಟಿಯಲ್ಲಿ ಉಳಿಸಿಕೊಳ್ಳುವುದು ಯುಕ್ತ. ಅದಕ್ಕೆ ಕಾರಣ ಹೆಸರಿನ ಅಭಿಮಾನವಲ್ಲ, ನೆಲದ ಯೋಗ್ಯತೆ.

ಕನ್ನಡದಲ್ಲಿ ವಿಜ್ಞಾನ ಬರೆಹಕ್ಕೆ ದಕ್ಷಿಣ ಬೆಂಗಳೂರು ಬಹುಕಾಲದಿಂದ ಒಂದು ನೆಲೆ. ಬಾಲವಿಜ್ಞಾನ ಪತ್ರಿಕೆಯನ್ನು ಹೊರತರುವ ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತು ಬನಶಂಕರಿಯಲ್ಲಿದೆ, ಬಿಟಿಎಂ ಬಡಾವಣೆಯ ನೆರೆಯ ಕೋರಮಂಗಲದಲ್ಲಿ ಭಾರತೀಯ ಖಭೌತ ಸಂಸ್ಥೆಯಿದೆ. ಆದರೂ ಶಾಲೆಯ ಮಕ್ಕಳಿಗೆ ಚಂದ್ರನ ಮೇಲೆ ಭಾರತೀಯರ ಹೆಸರಿನ ಕುಳಿಗಳಿವೆಯೆಂದು ಬಾಯಿಪಾಠ ಮಾಡಿಸುವವರು ಹೆಚ್ಚು, ಅವುಗಳಲ್ಲಿ ಒಂದನ್ನಾದರೂ ಎಲ್ಲಿ, ಯಾವಾಗ ನೋಡಬಹುದೆಂದು ಹೇಳಿಕೊಡುವವರು ಕಡಿಮೆ. ಬೀದಿದೀಪಗಳ ಬೆಳಕಿಗೆ ನಕ್ಷತ್ರಗಳು ಮರೆಯಾಗುವ ಊರಿನಲ್ಲಿ ಚಂದ್ರನೊಬ್ಬನೇ ಯಾವ ತಾರಸಿಯಿಂದಲೂ ತೊಂದರೆಯಿಲ್ಲದೆ ಸಿಗುವವನು ಎಂಬುದನ್ನು ನೆನೆದರೆ ಇದು ಕ್ಷಮಿಸತಕ್ಕ ಲೋಪವಲ್ಲ.

ಸಣ್ಣ ಕುಳಿಗಳು ಸ್ಪಷ್ಟವಾಗಿ ಕಾಣುವುದು ಹುಣ್ಣಿಮೆಯಂದಲ್ಲ. ಆಗ ಅಲ್ಲಿ ಬಿಸಿಲು ನಾವು ನೋಡುವ ದಿಕ್ಕಿನಿಂದಲೇ ಬಿದ್ದು ನೆರಳುಗಳು ನಮಗೆ ಕಾಣುವುದೇ ಇಲ್ಲ. ಬೆಳಕು ಮತ್ತು ಕತ್ತಲ ಗಡಿಗೆರೆ ಕುಳಿಯ ಸಮೀಪ ಹಾಯುವಾಗ, ಅಂಚಿನ ನೆರಳು ಉದ್ದವಾಗಿ ಬೀಳುವಾಗ ನೋಡಬೇಕು. ಚಂದ್ರನ ಮೇಲೆ ಆ ಗೆರೆ ದಿನಕ್ಕೆ ಸುಮಾರು ಹನ್ನೆರಡು ಡಿಗ್ರಿ ಸರಿಯುವುದರಿಂದ, ಅಷ್ಟಮಿಯ ಸುಮಾರಿಗೆ ನಡುಗೆರೆಯಲ್ಲಿದ್ದದ್ದು ಅರಿಸ್ಟಾರ್ಕಸ್ ಮುಟ್ಟುವುದು ಶುಕ್ಲ ಏಕಾದಶಿ, ದ್ವಾದಶಿಗಳ ಹೊತ್ತಿಗೆ, ರಾಮನ್ ಕುಳಿ ಮುಟ್ಟುವುದು ದ್ವಾದಶಿಯ ಆಸುಪಾಸು. ಆ ರಾತ್ರಿ ಒಂಬತ್ತೂವರೆಯ ವೇಳೆಗೆ ಚಂದ್ರ ಬೆಂಗಳೂರಿನ ಆಕಾಶದಲ್ಲಿ ಮೇಲೇರಿರುತ್ತಾನೆ. ಭೂಮಿಯಿಂದ ಅಷ್ಟು ದೂರದ ಹತ್ತು ಕಿಲೋಮೀಟರಿನ ಕುಳಿ ಬೈನಾಕ್ಯುಲರಿಗೆ ಸಿಗದು; ನಾಲ್ಕರಿಂದ ಆರು ಅಂಗುಲದ ದೂರದರ್ಶಕವೂ ಮಿಣುಕಾಡದ ಗಾಳಿಯೂ ಬೇಕು. ದೂರದರ್ಶಕದಲ್ಲಿ ಬಿಂಬ ತಲೆಕೆಳಗಾಗಿಯೋ ಎಡಬಲ ಬದಲಾಗಿಯೋ ಕಾಣುವುದರಿಂದ ದಿಕ್ಕನ್ನು ನಂಬದೆ ಗುರುತುಗಳನ್ನು ಹಿಡಿದು ಹೋಗಬೇಕು: ಮೊದಲು ಎಲ್ಲಕ್ಕಿಂತ ಬೆಳ್ಳಗಿರುವ ಅರಿಸ್ಟಾರ್ಕಸ್, ಅದರ ಪಕ್ಕದಲ್ಲಿ ಮಂಕಾದ ಹೆರೊಡೊಟಸ್, ಅಲ್ಲಿಂದ ನಾಗರಹೆಡೆ, ಹೆಡೆಯಿಂದ ಕಣಿವೆಯ ಬಾಗು ಹಿಡಿದು ಅದರಾಚೆಗೆ ಗಡಿಗೆರೆಯತ್ತ ಸರಿದರೆ ಅಗ್ರಿಕೋಲ ಪರ್ವತಸಾಲಿನ ಈಚೆಗೆ ರಾಮನ್. ದ್ವಾದಶಿಯಂದು ಮೋಡ ಕವಿದರೆ ತ್ರಯೋದಶಿಗೂ ಅವಕಾಶವಿದೆ, ನೆರಳು ಮಾತ್ರ ಸ್ವಲ್ಪ ಕಿರಿದಾಗಿರುತ್ತದೆ.